ಬೆಚ್ಚಗಿನ ಗೋಡೆ

ಕಳಸ
೨೮ ಜೂನ್ ೨೦೦೬, ಬುಧವಾರ

ಮನೆಯನ್ನು ಮಾರುವುದೆಂದು ಇಂದು ನಿಶ್ಚಯಿಸಿದೆ. ಕಳೆದ ವಾರ ಅಂಬುಜಾಳಿಗೆ ಉಬ್ಬಸ ಏರಿದಾಗ ಚಿಕ್ಕಮಗಳೂರಿನ ವೈದ್ಯರು ನನ್ನನ್ನು ಪ್ರತ್ಯೇಕವಾಗಿ ಕರೆದು, ನಿಮ್ಮ ಪತ್ನಿಯನ್ನು ಆದಷ್ಟು ಬೇಗ ಬಯಲುಸೀಮೆಗೆ ಕರೆದೊಯ್ಯಿರಿ, ಇನ್ನೊಮ್ಮೆ ಹೀಗಾದರೆ ನಾನು ಭರವಸೆ ಕೊಡಲಾರೆ ಎಂದರು. ಹೊಗೆ, ಧೂಳು, ಥಂಡಿ ಮೂರೂ ಆಗದಂತೆ. ನಾನು ಈ ಮೂರನ್ನೂ ಕ್ರಮವಾಗಿ ಪರಿಶೀಲಿಸಿದೆ. ನಾನು ಬೀಡಿ, ಸಿಗರೇಟು ಸೇದುವವನಲ್ಲ. ಆದುದರಿಂದ ಹೊಗೆಯ ಪ್ರಶ್ನೆ ಇಲ್ಲ. ಮಳೆಗಾಲದಲ್ಲಿ ಧೂಳಿನ ಪ್ರಶ್ನೆ ಉದ್ಭವಿಸದು. ಉಳಿದದ್ದು ಥಂಡಿ ಒಂದೇ.

ಅಂಬುಜಾಳ ತಮ್ಮ ಶ್ರೀಹರಿ ಕಡೂರಿನಲ್ಲಿ ಒಂದು ಸಣ್ಣ ಮನೆ ನೋಡಿದ್ದಾನೆ. ಅದರ ಯಜಮಾನರು ಗಣೇಶನ ಹಬ್ಬದವರೆಗೆ ಮಾತ್ರ ಕಾಯುತ್ತಾರೆ. ಅಲ್ಲಿಯವರೆಗೆ ಅಂಬುಜಾಳನ್ನು ಶ್ರೀಹರಿಯ ಮನೆಯಲ್ಲಿಯೇ ಇರಿಸೋಣವೆಂದರೆ ಅಲ್ಲಿ ಮಗಳ ಬಾಣಂತನ ನಡೆದಿದೆ. ಎಂದರೆ, ಈ ಮನೆ ಮಾರಿದ ಹೊರತು ಆಕೆಗೆ ಈ ಮಳೆಯಿಂದ ಬಿಡುಗಡೆಯಿಲ್ಲ. ಮಾರಬೇಕಾದದ್ದು ಆಷಾಢದಲ್ಲಿ! ಕಾಫಿ ಕೊಯ್ಲು ಮುಗಿದು ಜನರ ಕೈಯಲ್ಲಿ ಹಣ ಆಡುವ ಮಾಘ, ಫಾಲ್ಗುಣಗಳಲ್ಲಿ ಮಾಡುವ ವ್ಯವಹಾರವಿದು. ಸಾಲದುದಕ್ಕೆ ಕುದುರೆಮುಖದಲ್ಲಿ ಗಣಿ ನಿಂತ ಮೇಲೆ ಕಳಸದಲ್ಲಿ ಬೀಗ ಬಿದ್ದ ಮನೆಗಳೇ ಹೆಚ್ಚು.

ದಲ್ಲಾಳಿ ಏಕಾಂತಪ್ಪನಿಗೆ ಹೇಳಿಕಳುಹಿಸಿದೆ. ಎಂಟನೆಯ ತರಗತಿಯಲ್ಲಿ ನನ್ನ ಶಿಷ್ಯ. ಆಗಲೂ ಮುಖ ನೋಡಿ ಉತ್ತರಿಸುತ್ತಿರಲಿಲ್ಲ.

"ಈ ಮಳೇಲಿ ಮನೆ ಕೊಳ್ಳೋಕೆ ಯಾರು ಬರ್ತಾರೆ ಮೇಷ್ಟ್ರೆ? ಬಂದ್ರೂ ಮೊದ್ಲು ಗೋಡೆ ಮುಟ್ಟಿ ನೋಡ್ತಾರೆ. ಒದ್ದೆ ಅಂತ ಗೊತ್ತಾದ್ರೆ ಮುಗೀತು ಮಾರಾಯ್ರೆ."

"ಮತ್ತೇನು ಮಾಡಬೇಕು?"

"ಎಲ್ರೂ ಮಾಡೋದೇ. ಬಚ್ಚಲೊಲೆ ಆರೋಕೆ ಬಿಡ್ಬೇಡಿ. ಪಡುಗಡೆ ಗೋಡೆ ಬುಡದಲ್ಲಿ ಅಗ್ಗಿಷ್ಟಿಕೆ ಇಡಿ. ಕಿಟಕಿ ತೆಗೀಬೇಡಿ. ಮುಟ್ಟಿದ್ರೆ ಗೋಡೆ ಬೆಚ್ಚಗಿರ್ಬೇಕು, ಅಷ್ಟೇ."

ಪಡುಗಡೆ ಎಂದರೆ ನಮ್ಮ ಮಲಗುವ ಕೋಣೆಯ ಗೋಡೆ. ಗಾಳಿಮಳೆಯ ಇರಚಲು ನೇರವಾಗಿ ಬಡಿಯುವುದು ಅದಕ್ಕೇ. ಸಂಜೆಯೇ ಬೆಂಕಿ ಹಾಕಿದೆ. ಮಳೆ ಒಳಬಾರದಂತೆ ಬಚ್ಚಲಿನ ಹೊಗೆಕಿಂಡಿಗೆ ತಗಡು ಮುಚ್ಚಿದೆ.

"ಯಾಕೆ ಇಷ್ಟು ಬೆಂಕಿ?" ಎಂದು ಅಂಬುಜಾ ಕೇಳಿದಳು.

"ಥಂಡಿಯಲ್ಲವೇ?" ಎಂದೆ. ವ್ಯಾಪಾರದ ಸೂಕ್ಷ್ಮಗಳು ಆಕೆಗೆ ತಿಳಿಯುವುದು ಬೇಡ. ಬಂದವರ ಮುಂದೆ ಬಾಯಿ ಬಿಟ್ಟಾಳು.

ಆಕೆ ಬೆತ್ತದ ಕುರ್ಚಿಯನ್ನು ಎತ್ತಿಕೊಂಡು ಜಗಲಿಗೆ ಹೋಗಿ ಕುಳಿತಳು.

೨ ಜುಲೈ, ಭಾನುವಾರ

ಹೊರನಾಡಿನಲ್ಲಿ ವಸತಿಗೃಹ ನಡೆಸುವ ದಂಪತಿಗಳನ್ನು ಏಕಾಂತಪ್ಪ ಕರೆತಂದಿದ್ದ. ಬರುತ್ತಾರೆಂದು ತಿಳಿದು ಬೆಳಗಿನಿಂದಲೇ ಒಲೆಗೆ ಹೆಚ್ಚು ಕಟ್ಟಿಗೆ ಒಟ್ಟಿದ್ದೆ. ಗೋಡೆ ಹದವಾಗಿ ಬೆಚ್ಚಗಿತ್ತು. ಗಂಡಸು ಮುಟ್ಟಿ ನೋಡಿ ತಲೆದೂಗಿದ. ಅಷ್ಟರಲ್ಲಿ ಆತನ ಹೆಂಡತಿ ಮಲಗುವ ಕೋಣೆಯಿಂದ ಜಗಲಿಗೆ ಹೋದವಳು ಮರಳಿ ಒಳಗೆ ಬರಲೇ ಇಲ್ಲ. ನಾನು ಹೋಗಿ ನೋಡುತ್ತೇನೆ, ಆ ಹೆಂಗಸು ಅಂಬುಜಾಳ ಪಕ್ಕದಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ! ಅಂಬುಜಾಳ ಕಣ್ಣೂ ಕೆಂಪಾಗಿತ್ತು. ಇಬ್ಬರೂ ನನ್ನನ್ನು ಕಂಡು ಮಾತು ನಿಲ್ಲಿಸಿದರು.

ವ್ಯವಹಾರ ಕುದುರಲಿಲ್ಲ. ಮನೆಯೊಡತಿಯೇ ಅಳುತ್ತ ಕುಳಿತರೆ ಯಾರು ತಾನೆ ಆ ಮನೆಯನ್ನು ಕೊಂಡಾರು? ಏನು ಹೇಳಿ ಆ ಹೆಂಗಸನ್ನು ಅಳಿಸಿದೆ ಎಂದು ಕೇಳಿದರೆ, "ನಾನೇನು ಹೇಳ್ಲಿ? ಅವರೂರಿನ ಅಪ್ಪೆಮಿಡಿ ಉಪ್ಪಿನಕಾಯಿ ವಿಷಯ ಮಾತಾಡ್ತಿದ್ವಿ" ಎನ್ನುತ್ತಾಳೆ. ಅಪ್ಪೆಮಿಡಿಯ ವಿಷಯಕ್ಕೆ ಅತ್ತವರನ್ನು ನಾನು ಈವರೆಗೆ ಕಂಡಿಲ್ಲ.

೫ ಜುಲೈ, ಬುಧವಾರ

ಸಂಶಯಕ್ಕೆ ಆಧಾರವಿರಬೇಕು. ನನ್ನಲ್ಲಿರುವ ಆಧಾರಗಳು ಇವು. ಮನೆ ನೋಡಲು ಯಾರೇ ಬರಲಿ, ಅಂಬುಜಾ ಜಗಲಿಯಲ್ಲಿಯೇ ಕುಳಿತಿರುತ್ತಾಳೆ. ಮಳೆ ಸಿಡಿಯುತ್ತಿದ್ದರೂ ಒಳಗೆ ಬಾರಳು. ಬಂದವರನ್ನು ಮೊದಲು ಮಾತನಾಡಿಸುವವಳು ಆಕೆ. ಕೆಮ್ಮೂ ಅಷ್ಟೆ, ಯಾರಾದರೂ ಬರುವ ದಿನವೇ ಹೆಚ್ಚು. ಇಂದು ಬಾಳೂರು ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬ ಬಂದಿದ್ದ. ಆತ ಅಡಿಗೆಮನೆಯನ್ನೂ ನೋಡದೆ, "ಅಮ್ಮಂಗೆ ಎಷ್ಟು ದಿನದಿಂದ ಹುಷಾರಿಲ್ಲ? ಈ ಮನೆಗೆ ಬಂದ್ಮೇಲೆ ಶುರುವಾಗಿದ್ದಾ?" ಎಂದು ಕೇಳಿ, ವಾಸ್ತು ತಿಳಿದವರೊಬ್ಬರನ್ನು ಕರೆದುಕೊಂಡು ಬರುವುದಾಗಿ ಹೇಳಿ ಹೋದ. ಆತ ಮರಳಿ ಬರುವುದಿಲ್ಲ.

ಅಂಬುಜಾಳಿಗೆ ಈ ಮನೆ ಬಿಟ್ಟು ಬರಲು ಮನಸ್ಸಿಲ್ಲ. ನಾನು ಆಕೆಯ ಪ್ರಾಣ ಉಳಿಸಲು ಹೆಣಗುತ್ತಿದ್ದರೆ ಆಕೆ ಜಗಲಿಯಲ್ಲಿ ಕುಳಿತು ಗಿರಾಕಿಗಳನ್ನು ಓಡಿಸುತ್ತಿದ್ದಾಳೆ.

ಕೇಳಿಯೇಬಿಟ್ಟೆ. ಆಕೆ ನಕ್ಕಳು, ನಗು ಕೆಮ್ಮಾಯಿತು. "ಓಡಿಸೋದು ನಾನಾ? ನೀವು ಬಂದವರಿಗೆ ಮನೆ ತೋರಿಸ್ತೀರೋ, ಪರೀಕ್ಷೆ ಮಾಡ್ತೀರೋ? ಆ ರೈಟರ್ ಹತ್ರ 'ವಾಸ್ತು'ವಿನ ಅರ್ಥ ಕೇಳಿದ್ರಿ. ಪಾಪ, ಅವನು ಬೆವರಿಬಿಟ್ಟ."

ಬೆವರಿದ್ದು ಗೋಡೆಯ ಬಿಸಿಗೆ. ಅದಕ್ಕೆ ನನ್ನ ಹೊಣೆಯಿಲ್ಲ.

೯ ಜುಲೈ, ಭಾನುವಾರ

ಇಂದು ಬಂದ ಮನುಷ್ಯನನ್ನು ನಂಬಬಾರದು.

ಹೆಸರು ಶಾಂತವೀರಪ್ಪ. ಕುದುರೆಮುಖದ ಕಂಪನಿಯಲ್ಲಿ ವಿದ್ಯುತ್ ವಿಭಾಗದ ಫೋರ್‌ಮನ್ ಆಗಿದ್ದನಂತೆ. ಗಣಿ ನಿಂತಿದೆ, ಕ್ವಾರ್ಟರ್ಸ್ ಬಿಡಬೇಕಾಗಿದೆ. ಏಕಾಂತಪ್ಪನನ್ನೂ ಕರೆಯದೆ, ಮುರಿದ ಕೊಡೆಯೊಂದನ್ನು ಹಿಡಿದು, ಜಡಿಮಳೆಯಲ್ಲಿ ಒಬ್ಬನೇ ಬಂದ. ಸ್ವಂತ ಊರು ಬೀರೂರಿನ ಕಡೆ. ಹಾಗಾದರೆ ಊರಿಗೆ ಹೋಗದೆ ಇಲ್ಲಿ ಮನೆ ಕೊಳ್ಳುವುದೇಕೆ?

"ಊರಿಗೆ ಹೋದ್ರೆ ನಿದ್ದೆ ಬರಾಕಿಲ್ಲ ಮೇಷ್ಟ್ರೆ. ಹೆಂಚಿನ ಮ್ಯಾಲೆ ಮಳೆ ಸದ್ದು ಇಲ್ದಿದ್ರೆ ಯಾವ್ದೋ ಮಿಶಿನ್ ಕೆಟ್ಟುಹೋಗೈತೆ ಅನ್ಸಿ ಎದ್ದು ಕೂತ್ಕತೀನಿ. ನಮ್ಮ ಮನೇರು 'ಮಿಶಿನ್ನ ಮದುವೆ ಆಗಿದ್ರಾ ನನ್ನ ಆಗಿದ್ರಾ' ಅಂತಾರೆ."

ಇದು ಒಪ್ಪತಕ್ಕ ಕಾರಣವೇ? ಬಯಲುಸೀಮೆಯವನು ಮಳೆಗೆಂದು ಇಲ್ಲಿ ನಿಲ್ಲುತ್ತಾನಂತೆ; ನಾವು ಅದೇ ಮಳೆಗೆ ಹೆದರಿ ಬಯಲುಸೀಮೆಗೆ ಹೊರಟಿದ್ದೇವೆ. ಆತನ ಮಾತಿನಲ್ಲಿ ಏನೋ ಅಡಗಿದೆ.

ಬೆಲೆ ಕೇಳಲಿಲ್ಲ. ಪಡುಗೋಡೆಗೆ ಅಂಗೈ ಒತ್ತಿ ಬಹಳ ಹೊತ್ತು ನಿಂತ. ಆಮೇಲೆ ಜೋರಾಗಿ ನಕ್ಕ.

"ಗೋಡೆನ ಚೆನ್ನಾಗಿ ಬೇಯ್ಸಿದೀರಿ ಬಿಡಿ! ಉಪ್ಪು ಖಾರ ಹಾಕಿದ್ರೆ ತಿನ್ನಬೋದು."

ನನ್ನ ಮೈ ಉರಿಯಿತು. ಏನು ಹಾಗೆಂದರೆ ಎಂದು ಕೇಳಿದೆ.

"ಸಿಟ್ಟಾಗ್ಬ್ಯಾಡಿ. ಬರೋ ಭಾನುವಾರ ಬತ್ತೀನಿ. ಅಲ್ಲೀಗಂಟ ಒಳಗೆ ಬೆಂಕಿ ಹಾಕ್ಬ್ಯಾಡಿ. ಗೋಡೆ ಹೆಂಗೈತೋ ಹಂಗೇ ನೋಡ್ಬೇಕು ನಾನು. ಆಮ್ಯಾಕೆ ಮಾತು."

ಹೋಗುವಾಗ ಜಗಲಿಯಲ್ಲಿ ನಿಂತು ಅಂಬುಜಾಳನ್ನು ಮಾತನಾಡಿಸಿದ. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆನೆಂಬುದು ಇಬ್ಬರಿಗೂ ತಿಳಿಯದು.

"ಏನಮ್ಮ, ಈ ಗಾಳೀಲಿ ಹೊರಗೆ ಕುಂತೀರಲ್ಲ?"

"ಒಳಗೆ ಕೂತ್ಕೊಳ್ಳೋಕೆ ಆಗೋದಿಲ್ಲ ಮಾರಾಯ್ರೆ."

ನನ್ನ ಕಿವಿಯಾರೆ ಕೇಳಿದೆ. ಕೊಳ್ಳಲು ಬಂದವನ ಮುಂದೆ, ಈ ಮನೆಯೊಳಗೆ ಕೂರಲಾಗದೆಂದು ಮನೆಯ ಯಜಮಾನಿಯೇ ಹೇಳುತ್ತಾಳೆ!

೧೦ ಜುಲೈ, ಸೋಮವಾರ

ಶಾಂತವೀರಪ್ಪನ ಹೂಟ ಸ್ಪಷ್ಟವಾಗಿದೆ. ಬೆಂಕಿ ಆರಿದರೆ ಗೋಡೆ ಒದ್ದೆಯಾಗುತ್ತದೆ. ಒದ್ದೆ ಗೋಡೆಯನ್ನು ತೋರಿಸಿ ಬೆಲೆ ಇಳಿಸುತ್ತಾನೆ. ಈ ಉಪಾಯ ಆತನದೋ, ಜಗಲಿಯಲ್ಲಿ ದೊರೆತದ್ದೋ, ತಿಳಿಯದು.

ಏಕಾಂತಪ್ಪನಿಗೆ ಹೇಳಿದರೆ ಆತ ಕಣ್ಣು ಮಿಟುಕಿಸಿದ. "ಶನಿವಾರದ ತನಕ ಉರೀಲಿ ಬಿಡಿ ಮೇಷ್ಟ್ರೆ. ಭಾನುವಾರ ಬೆಳಿಗ್ಗೆ ಬೂದಿ ತೆಗೆದು ನೆಲ ಸಾರಿಸಿಬಿಡಿ. ಅವನಿಗೇನು ಕನಸು ಬೀಳ್ತದಾ?"

ಇವನು ಎಂಟನೆಯ ತರಗತಿಯಲ್ಲಿ ಅಂಗಿಯ ತೋಳಿನೊಳಗೆ ಚೀಟಿ ಇಟ್ಟುಕೊಂಡು ಬಂದವನು. ನಾನು ಹಾಗೆ ಮಾಡಲಾರೆ. ಪರೀಕ್ಷೆ ಎಂದ ಮೇಲೆ ಪರೀಕ್ಷೆ. ನನ್ನ ಮನೆಯ ಗೋಡೆ ಯಾರ ಅಂಗೈಗೂ ಹೆದರಬೇಕಿಲ್ಲ. ಮಧ್ಯಾಹ್ನ ಬಚ್ಚಲೊಲೆಗೆ ನೀರು ಸುರಿದೆ, ಅಗ್ಗಿಷ್ಟಿಕೆಯನ್ನು ಕೊಟ್ಟಿಗೆಗೆ ಸಾಗಿಸಿದೆ, ಕಿಟಕಿಗಳನ್ನು ತೆರೆದೆ. ಸ್ನಾನದ ನೀರು ಇನ್ನು ಗ್ಯಾಸಿನ ಮೇಲೆ.

೧೩ ಜುಲೈ, ಗುರುವಾರ

ಗೋಡೆ ಸೋತಿತು. ಕಿಟಕಿಯ ಕೆಳಗೆ ಕರಿಯ ಕಲೆಯೊಂದು ಮೂಡಿದೆ.

ಮಳೆ ಹಾಗೆಯೇ ಇದೆ. ಮರ ಬಿದ್ದು ಕುದುರೆಮುಖದ ದಾರಿ ಮುಚ್ಚಿದೆಯಂತೆ. ಅಂಬುಜಾ ಈ ಮೂರು ರಾತ್ರಿಯೂ ಎಂದಿನಂತೆ ಕೆಮ್ಮುತ್ತ ಎದ್ದು ಕುಳಿತುಕೊಳ್ಳಲಿಲ್ಲ. ಹವೆಯಲ್ಲಿ ಏನೋ ಬದಲಾವಣೆ ಆಗಿರಬೇಕು.

೧೪ ಜುಲೈ, ಶುಕ್ರವಾರ

ಅಂಬುಜಾ ಬೆಳಗ್ಗೆ ಕೆಸುವಿನೆಲೆ ತರಿಸಿ ಪತ್ರೊಡೆ ಮಾಡಿದಳು. ಅರೆಯುವಾಗ ಹಾಡಿಕೊಳ್ಳುತ್ತಿದ್ದಳು, ಆ ದನಿಯನ್ನು ಈ ಮಳೆಗಾಲದಲ್ಲಿ ನಾನು ಕೇಳಿರಲಿಲ್ಲ. ಮಧ್ಯಾಹ್ನ ಒಳಗಿನ ಮಂಚದ ಮೇಲೆಯೇ ಮಲಗಿದಳು. ಕುರ್ಚಿ ಮಾತ್ರ ಜಗಲಿಯಲ್ಲಿಯೇ ಇದೆ.

ಈ ಉಲ್ಲಾಸಕ್ಕೆ ಕಾರಣವೇನು? ಯೋಚಿಸಿದಷ್ಟೂ ಒಂದೇ ಉತ್ತರ ಹೊಳೆಯುತ್ತದೆ. ಕಲೆ ದೊಡ್ಡದಾಗುತ್ತಿದೆ. ಕಲೆ ದೊಡ್ಡದಾದರೆ ಮನೆ ಮಾರಾಟವಾಗದು. ಮಾರಾಟವಾಗದಿದ್ದರೆ ಇಲ್ಲಿಯೇ ಉಳಿಯಬಹುದು. ಆಕೆ ಗೋಡೆಯ ಪಕ್ಷಕ್ಕೆ ಸೇರಿದ್ದಾಳೆ.

"ಇನ್ನೊಂದು ಹೋಳು ಹಾಕ್ಲಾ? ಏನು ಅಷ್ಟು ಯೋಚನೆ?"

"ಏನಿಲ್ಲ" ಎಂದು ಹಾಕಿಸಿಕೊಂಡೆ. ಪತ್ರೊಡೆ ಚೆನ್ನಾಗಿತ್ತು. ಅದರಿಂದ ಸಂಶಯ ನಿವಾರಣೆಯಾಗಲಿಲ್ಲ.

೧೫ ಜುಲೈ, ಶನಿವಾರ

ಶ್ರೀಹರಿಯ ಫೋನು ಬಂತು. ಕಡೂರಿನ ಮನೆಗೆ ಬೇರೊಬ್ಬರು ಬಂದು ಹೋದರಂತೆ. "ಭಾವ, ಏನಾದ್ರೂ ಒಂದು ಬೇಗ ಹೇಳಿ. ಅಕ್ಕನ್ನ ಇನ್ನೂ ಅಲ್ಲೇ ಇಟ್ಟುಕೊಂಡಿದ್ದೀರಲ್ಲ" ಎಂದ. ನಾನು ಇಟ್ಟುಕೊಂಡಿದ್ದೇನಂತೆ!

ಕಲೆ ಮೊರದಗಲವಾಗಿದೆ. ಮುಟ್ಟಿದರೆ ಬೆರಳಿಗೆ ಸುಣ್ಣ ಅಂಟುತ್ತದೆ. ನಾಳೆ ಶಾಂತವೀರಪ್ಪ ಇದನ್ನು ನೋಡಿ ನಗುತ್ತಾನೆ. ಕಡೂರಿನ ಮನೆ ಹೋಗುತ್ತದೆ. ಅಂಬುಜಾ ಇಲ್ಲಿಯೇ ಉಳಿಯಬೇಕಾಗುತ್ತದೆ. ವೈದ್ಯರ ಮಾತು ಕಿವಿಯಲ್ಲಿದೆ.

ಸಂಜೆ ಆಕೆ ದೇವರ ಮುಂದೆ ಕುಳಿತಿದ್ದಾಗ ಬಚ್ಚಲೊಲೆ ಹಚ್ಚಿದೆ. ಅಗ್ಗಿಷ್ಟಿಕೆಯನ್ನು ತಂದು ಗೋಡೆಯ ಬುಡದಲ್ಲಿ ಇಟ್ಟೆ. ಕೊಟ್ಟಿಗೆಯಲ್ಲಿ ನೆನೆದ ಕಟ್ಟಿಗೆ, ಹೊತ್ತಿಕೊಳ್ಳಲು ತಡವಾಯಿತು. ಕಿಟಕಿಗಳನ್ನು ಮುಚ್ಚಿದೆ. ಇದನ್ನು ನಕಲು ಎನ್ನಲಾಗದು. ಪರೀಕ್ಷೆಯ ಹಿಂದಿನ ದಿನದ ತಯಾರಿ ಎನ್ನಬಹುದು.

"ಮತ್ತೆ ಹಾಕಿದ್ರಾ?" ಎಂದಳು ಅಂಬುಜಾ, ಕೋಣೆಯ ಬಾಗಿಲಲ್ಲಿ ನಿಂತು.

"ಥಂಡಿ ಹೆಚ್ಚಾಗಿದೆ" ಎಂದೆ.

ಆಕೆ ಒಳಗೆ ಬಂದು ಮಲಗಿದಳು.

೧೬ ಜುಲೈ, ಭಾನುವಾರ

ಕಳಸದ ಆಸ್ಪತ್ರೆ. ಆಮ್ಲಜನಕ ಕೊಟ್ಟಿದ್ದಾರೆ.

ಬೆಳಕು ಹರಿಯುವ ಹೊತ್ತಿಗೆ ಆಕೆಯ ತುಟಿ ನೀಲಿಯಾಗಿತ್ತು. ಮಾತು ಬರುತ್ತಿರಲಿಲ್ಲ. ಉಬ್ಬಸದ ಮದ್ದಿನ ಪಂಪು ಒತ್ತಿದೆ, ಪುನಃ ಒತ್ತಿದೆ. ಥಂಡಿ ತಗುಲಬಾರದೆಂದು ಇನ್ನೊಂದು ಕಂಬಳಿ ಹೊದಿಸಿದೆ. ಕೆಂಡಕ್ಕೆ ಇದ್ದಿಲು ಹಾಕಿದೆ. ಹಾಕಿದೆ.

ಶಾಂತವೀರಪ್ಪ ಹೇಳಿದ ಮಾತಿನಂತೆ ಬಂದ, ಯಾರದೋ ಜೀಪಿನಲ್ಲಿ. ಕೋಣೆಗೆ ಕಾಲಿಟ್ಟವನೇ ಕೆಮ್ಮಿದ. "ಥೋ, ಏನ್ ಹೊಗೆ ಮೇಷ್ಟ್ರೆ ಇದು!" ಎಂದು ಕಿಟಕಿ ತೆರೆದು, ಆಕೆಯನ್ನು ಕಂಬಳಿ ಸಮೇತ ಎತ್ತಿಕೊಂಡು ಜಗಲಿಗೆ ಹೋಗಿ ಆ ಕುರ್ಚಿಯಲ್ಲಿ ಕೂರಿಸಿದ. ಮಳೆ ಮುಖಕ್ಕೆ ಹೊಡೆಯುತ್ತಿತ್ತು. ಬೇಡ, ಥಂಡಿ, ಎಂದು ನಾನು ಅಡ್ಡ ಬಂದೆ. ಅಲ್ಲಿ ಆಕೆ ಮೊದಲ ಉಸಿರು ಎಳೆದಳು.

೧೭ ಜುಲೈ, ಸೋಮವಾರ

ಇಲ್ಲಿಯ ವೈದ್ಯೆ ಚಿಕ್ಕ ವಯಸ್ಸಿನವರು. "ಮನೇಲಿ ಸೌದೆ ಒಲೆ ಇದ್ಯಾ ಸರ್?" ಎಂದು ಕೇಳಿದರು.

"ಬಚ್ಚಲಲ್ಲಿದೆ" ಎಂದೆ.

ಬೇರೇನೂ ಕೇಳಲಿಲ್ಲ. ನಾನೂ ಬೇರೇನೂ ಹೇಳಲಿಲ್ಲ.

೨೦ ಜುಲೈ, ಗುರುವಾರ

ಅಂಬುಜಾಳನ್ನು ಮನೆಗೆ ಕರೆತಂದೆ. ಅದಕ್ಕೆ ಮೊದಲೇ ಬಂದು ಒಲೆಯ ಬೂದಿಯನ್ನೆಲ್ಲ ಬಾಚಿ ತಿಪ್ಪೆಗೆ ಹಾಕಿದ್ದೆ. ಹೊಗೆಕಿಂಡಿಯ ತಗಡು ಕಿತ್ತು ತೆಗೆದೆ. ಅಗ್ಗಿಷ್ಟಿಕೆಯನ್ನು ಕೇಳಿದವರಿಗೆ ಕೊಟ್ಟೆ. ಎಲ್ಲ ಕಿಟಕಿಗಳೂ ತೆರೆದಿವೆ. ಕಲೆ ಈಗ ಕಿಟಕಿಯಿಂದ ನೆಲದವರೆಗೆ ಇಳಿದಿದೆ, ಇಳಿಯಲಿ.

ಆಕೆ ಮಲಗಿದ್ದಾಳೆ. ಉಸಿರಾಟ ಇಲ್ಲಿಯವರೆಗೆ ಕೇಳಿಸುತ್ತಿದೆ. ಕೇಳುತ್ತ ಕುಳಿತಿದ್ದೇನೆ.

೨೨ ಜುಲೈ, ಶನಿವಾರ

ನಮ್ಮನ್ನು ಜೀಪಿನಲ್ಲಿ ಆಸ್ಪತ್ರೆಗೆ ಮುಟ್ಟಿಸಿದ ದಿನ ಶಾಂತವೀರಪ್ಪ ಮನೆಯ ವಿಷಯ ಎತ್ತಿರಲಿಲ್ಲ. ಇಂದು ಏಕಾಂತಪ್ಪನೊಂದಿಗೆ ಬಂದ. ನಾನು ಆತನಿಗೆ ಮಾತನಾಡಲು ಅವಕಾಶ ಕೊಡಲಿಲ್ಲ. ಕೈಹಿಡಿದು ಪಡುಗೋಡೆಯ ಮುಂದೆ ನಿಲ್ಲಿಸಿದೆ.

"ಇದು ಪ್ರತಿ ಮಳೆಗಾಲವೂ ಹೀಗೆಯೇ. ಹೊರಗಿನಿಂದ ಸೋಗೆಯ ತಟ್ಟಿ ಕಟ್ಟಿದರೂ ನಿಲ್ಲುವುದಿಲ್ಲ. ನೋಡಿ, ಅಡಿಗೆಮನೆಯ ಆ ಮೂಲೆಯಲ್ಲಿ ಸೋರುತ್ತದೆ. ಕೆಳಗೆ ತಪ್ಪಲೆ ಇಡಬೇಕು. ಆಷಾಢದಲ್ಲಿ ಬಾವಿಯ ನೀರು ಕೆಂಪಾಗುತ್ತದೆ. ಹಿಂದಿನ ಬಾಗಿಲು ಉಬ್ಬಿ ಕಚ್ಚಿಕೊಳ್ಳುತ್ತದೆ, ಒದೆಯಬೇಕು. ಬಚ್ಚಲೊಲೆಯನ್ನು ಉರಿಸುವುದಾದರೆ ಕಿಂಡಿ ಮುಚ್ಚಬೇಡಿ."

ಹಿಂದೆ ನಿಂತಿದ್ದ ಏಕಾಂತಪ್ಪ ಹಣೆ ಹಣೆ ಬಡಿದುಕೊಳ್ಳುತ್ತಿದ್ದ. "ಮೇಷ್ಟ್ರೆ, ನೀವು ಮಾರೋಕೆ ಹೊರಟಿದೀರೋ, ಬೈಯೋಕೆ ಹೊರಟಿದೀರೋ?"

"ನೀನು ಸುಮ್ಮನಿರು."

ಶಾಂತವೀರಪ್ಪ ಕಲೆಯ ಮೇಲೆ ಅಂಗೈ ಇಟ್ಟು, ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡ. "ಕ್ವಾರ್ಟ್ರಸ್ನಾಗೆ ನಮ್ಮದೂ ಹಿಂಗೇ. ನಮ್ಮ ಮನೇರು ಅಲ್ಲಿ ಕಲೆ ನೋಡಿ ಮಳೆ ಎಷ್ಟಾತು ಅಂತ ಹೇಳೋರು. ಈ ಊರಾಗೆ ಏಳು ಮನೆ ನೋಡ್ದೆ. ಎಲ್ಲಾ ಕಡೆ ಗೋಡೆ ಬೆಚ್ಚಗೆ! ಆಷಾಢ್ದಾಗೆ ಬೆಚ್ಚಗಿರೋ ಗೋಡೆ ನಂಬೋದು ಹೆಂಗೆ, ನೀವೇ ಹೇಳಿ. ನಿಮ್ಮ ಮ್ಯಾಲಂತೂ ಭಾರೀ ಅನುಮಾನ ಇತ್ತು. ಇಷ್ಟು ಓದಿರೋರು ಏನೋ ದೊಡ್ದೇ ಮುಚ್ಚಿಡ್ತಾವ್ರೆ ಅಂತ."

ನನ್ನ ಮೇಲೆ ಅನುಮಾನ! ಇದು ನನಗೆ ಹೊಳೆದೇ ಇರಲಿಲ್ಲ.

ಸ್ವಲ್ಪ ಚೌಕಾಸಿ ಮಾಡಿದ. ನಾನು ಹೇಳಿದ ದೋಷಗಳನ್ನೇ ಒಂದೊಂದಾಗಿ ತಿರುಗಿ ಹೇಳಿದ, ಜ್ಞಾಪಕಶಕ್ತಿ ಚೆನ್ನಾಗಿದೆ. ಒಪ್ಪಿದೆ. ಆಷಾಢ ಕಳೆದು ಶ್ರಾವಣದ ಮೊದಲ ಶುಕ್ರವಾರ ಮುಂಗಡ ಕೊಡುತ್ತಾನೆ. ಶ್ರೀಹರಿಗೆ ಫೋನು ಮಾಡಿದೆ.

ಆದರೂ ಆತ ಹೊರಡುವಾಗ ಮಾಡಿನ ಹೆಂಚುಗಳನ್ನು ಏಕೆ ಅಷ್ಟು ದಿಟ್ಟಿಸಿ ನೋಡಿದ ಎಂಬುದು ತಿಳಿಯಲಿಲ್ಲ. ಗಮನವಿರಿಸಬೇಕು.

೨೮ ಜುಲೈ, ಶುಕ್ರವಾರ

ಮುಂಗಡ ಕೈಸೇರಿತು. ಗಣೇಶನ ಹಬ್ಬಕ್ಕೆ ನಾವು ಕಡೂರಿನಲ್ಲಿರುತ್ತೇವೆ. ಶಾಂತವೀರಪ್ಪ ಪತ್ನಿಯನ್ನೂ ಕರೆತಂದಿದ್ದ. ಆಕೆ ಮೊದಲು ಹೋಗಿ ನಿಂತದ್ದು ಪಡುಗೋಡೆಯ ಎದುರಿಗೆ. ಕಲೆಯನ್ನು ನೋಡಿ, "ಈ ವರ್ಷ ಜೋರೈತೆ" ಎಂದಳು. ಹೆಂಚುಗಳ ವಿಷಯವನ್ನು ಕೇಳಿಯೇಬಿಟ್ಟೆ. ಮಳೆಯ ಸದ್ದು ಯಾವ ಕೋಣೆಯಲ್ಲಿ ಹೆಚ್ಚು ಕೇಳಿಸುತ್ತದೆಂದು ನೋಡುತ್ತಿದ್ದನಂತೆ. ಇರಬಹುದು.

ಅವರು ಹೋದ ಮೇಲೆ ಅಂಬುಜಾ ಒಳಗಿನ ಮಂಚದ ಮೇಲೆ ಕುಳಿತು ಪಾತ್ರೆಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ತಲೆಯೆತ್ತದೆ ಹೇಳಿದಳು:

"ಕೇಳಿ ಇಲ್ಲಿ. ನಿಮ್ಮ ಹತ್ರ ಮೊದ್ಲೇ ಹೇಳ್ಬೇಕಿತ್ತು. ಆ ಹೊಗೆ ನನಗೆ ಆಗ್ತಿರ್ಲಿಲ್ಲ. ಅದಕ್ಕೇ ಹೊರಗೆ ಕೂರ್ತಿದ್ದೆ."

ನಾನು ಆಕೆ ಸುತ್ತಿಟ್ಟ ಪಾತ್ರೆಯೊಂದನ್ನು ಎತ್ತಿ ಪಕ್ಕಕ್ಕೆ ಇಟ್ಟೆ.

"ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ನನಗೆ ಥಂಡಿ ಆಗ್ಬಾರ್ದು ಅಂತ ಈ ವಯಸ್ಸಲ್ಲಿ ನಸುಕಿಗೇ ಎದ್ದು, ಒದ್ದೆ ಕಟ್ಟಿಗೆ ಊದಿ ಊದಿ ಹಚ್ಚುತ್ತಿದ್ರಿ. ನಿಮ್ಮ ಕಣ್ಣಲ್ಲೂ ನೀರು ಇಳೀತಿತ್ತು. ನನಗೋಸ್ಕರ ಅಷ್ಟು ಮಾಡೋರಿಗೆ ಬೇಡ ಅಂತ ಹೇಗೆ ಹೇಳ್ಲಿ? ನನಗೋಸ್ಕರವೇ ಅಲ್ವಾ?"

ಜೀವಮಾನವಿಡೀ, ಯಾರ ಬಾಯಿಂದಲೇ ಬರಲಿ, ತಪ್ಪು ಕಿವಿಗೆ ಬಿದ್ದ ಕೂಡಲೇ ತಿದ್ದಿದವನು ನಾನು. ಆಕೆ ಉತ್ತರಕ್ಕಾಗಿ ತಲೆಯೆತ್ತಿ ನೋಡಿದಳು. ಅವಳ ಹಿಂದೆ ಗೋಡೆ ಕರ್ರಗೆ ಒದ್ದೆಯಾಗಿ ನಿಂತಿತ್ತು.

"ಹೌದು" ಎಂದೆ.

ಎದ್ದು ಹೋಗಿ, ಜಗಲಿಯಲ್ಲಿ ನೆನೆಯುತ್ತಿದ್ದ ಬೆತ್ತದ ಕುರ್ಚಿಯನ್ನು ಒರೆಸಿ ಒಳಗೆ ತಂದು, ತೆರೆದ ಕಿಟಕಿಯ ಬಳಿ ಹಾಕಿದೆ.